ಡಯಾಲಿಸಿಸ್ ಹಾಕಿದ ಅರ್ಧ ಗಂಟೆಗೆ ನಡುಕ, ಕೊನೆಗೆ ಅಪ್ಪನ ರಕ್ತದಲ್ಲಿ ಫಂಗಸ್: ಕುತ್ತಿಗೆ ಪೈಪು ಇರುವವರು ದಯವಿಟ್ಟು ಓದಿ

ಶ್ರೀನಿವಾಸಪುರದ ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಅಂಶ) ಏರಲು ಶುರುವಾದಾಗಿನಿಂದ ಈ ಗುಂಪಿನಲ್ಲಿ ಸುಮ್ನೆ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಅಪ್ಪನಿಗೆ 61 ವರ್ಷ. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು. ಟೊಮೆಟೊ, ಮಾವು ಅಂತ ತೋಟದಲ್ಲೇ ಇದ್ದವರು. ದೀಪಾವಳಿ ಮುಗಿದ ವಾರ ರಾತ್ರಿ ಉಸಿರಾಡಲು ಆಗಲಿಲ್ಲ. ಆಸ್ಪತ್ರೆಗೆ ಓಡಿದೆವು. ಕುತ್ತಿಗೆಗೆ ಪೈಪು ಹಾಕಿ ಅವತ್ತೇ ಡಯಾಲಿಸಿಸ್ ಶುರು ಮಾಡಿದರು. ಡಾಕ್ಟರು ಆಗಲೇ ಹೇಳಿದ್ದರು, ಇದು ತಾತ್ಕಾಲಿಕ, ಬೇಗ ಕೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆ ಅಂತ ಕೈಯ ಎರಡು ರಕ್ತನಾಳ ಜೋಡಿಸುವ ಆಪರೇಷನ್) ಮಾಡಿಸಿ ಅಂತ. ನಾವು ಮುಂದೆ ಹಾಕಿದೆವು. ಮಾವು ಹೂ ಬಿಡುವ ಕಾಲ ಅಂತ ಒಂದು ತಿಂಗಳು, ತಂಗಿ ಮದುವೆ ಅಂತ ಒಂದು ತಿಂಗಳು. ಅಪ್ಪ ಬೇರೆ "ಕೈ ಕೊಯ್ಸಿಕೊಂಡರೆ ಗುದ್ದಲಿ ಹಿಡಿಯೋಕೆ ಆಗಲ್ಲ" ಅಂತ ಹಟ. ಅಷ್ಟರಲ್ಲಿ ಕುತ್ತಿಗೆ ಪೈಪು ತೆಗೆದು ಎದೆಯ ಚರ್ಮದ ಕೆಳಗೆ ಹಾದುಹೋಗುವ ಪರ್ಮ್‌ಕ್ಯಾತ್ ಅನ್ನುವ ಪೈಪು ಹಾಕಿದ್ದರು. ಅದು ಚೆನ್ನಾಗಿ ಓಡುತ್ತಿತ್ತು. ಚೆನ್ನಾಗಿ ಓಡಿದ್ದರಿಂದಲೇ ನಾವು ಮರೆತೆವು.

ಮಾರ್ಚ್‌ನಲ್ಲಿ ಒಂದು ದಿನ ಮೆಷಿನ್‌ಗೆ ಹಾಕಿ ಅರ್ಧ ಗಂಟೆ ಆಗಿರಬಹುದು, ಅಪ್ಪನಿಗೆ ನಡುಕ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಇಂಜೆಕ್ಷನ್ ಕೊಟ್ಟರು, ನಿಂತಿತು. ಮನೆಗೆ ಬಂದ ಮೇಲೆ ಜ್ವರ ಇಲ್ಲ. ಮುಂದಿನ ಸಲ ಮತ್ತೆ ಅದೇ. ಆಗ ನಾವು ಹೋಗುತ್ತಿದ್ದ ಕಡೆ ಆಂಟಿಬಯೋಟಿಕ್ ಶುರು ಮಾಡಿದರು. ರಕ್ತವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಕ್ರಿಮಿ ಯಾವುದು ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡಲು, ಕಳಿಸಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಹತ್ತು ದಿನ ಕೊಟ್ಟರು. ಎರಡು ಸಲ ನಡುಕ ಬರಲಿಲ್ಲ, ಗೆದ್ದೆವು ಅಂದುಕೊಂಡೆ. ಮೂರನೇ ಸಲ ಬಂತು, ಈ ಸಲ ಬಿಪಿ ಕೂಡ ಬಿತ್ತು.

ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಮೊದಲು ಮಾಡಿದ ಕೆಲಸವೇ ಕಲ್ಚರ್. ಪೈಪಿನಿಂದ ಒಂದು, ಕೈಯಿಂದ ಒಂದು. ಮೂರನೇ ದಿನ ಬೆಳಿಗ್ಗೆ ಡಾಕ್ಟರೇ ಬಂದು "ಎರಡರಲ್ಲೂ ಯೀಸ್ಟ್ ಬೆಳೆಯುತ್ತಿದೆ, ಇವತ್ತೇ ಪೈಪು ತೆಗೆಯಬೇಕು" ಅಂದರು. ಯೀಸ್ಟ್ ಅಂದರೆ ಒಂದು ಬಗೆಯ ಫಂಗಸ್. ಕ್ಯಾಂಡಿಡಾ ಟ್ರಾಪಿಕಾಲಿಸ್ ಅಂತ ಹೆಸರು ಆಮೇಲೆ ಬಂತು. ಬ್ಯಾಕ್ಟೀರಿಯಾಕ್ಕೆ ಕೊಟ್ಟ ಔಷಧಿ ಫಂಗಸ್‌ಗೆ ಏನೂ ಮಾಡುವುದಿಲ್ಲ ಅಂತ ಅವತ್ತು ತಿಳಿಯಿತು.

ಪೈಪು ತೆಗೆದ ಮೇಲೆ ಎರಡು ದಿನ ಯಾವ ಪೈಪೂ ಇಲ್ಲ, ಡಯಾಲಿಸಿಸ್ಸೂ ಇಲ್ಲ. ನೀರು ಅಳೆದು ಕೊಟ್ಟೆ. ಎಳನೀರು, ಹಣ್ಣು, ಟೊಮೆಟೊ ಹಾಕಿದ ಸಾರು ಎಲ್ಲ ಬಂದ್, ಪೊಟ್ಯಾಸಿಯಂ ಏರುತ್ತದೆ ಅಂತ. ಆಮೇಲೆ ತೊಡೆಯ ಹತ್ತಿರ ತಾತ್ಕಾಲಿಕ ಪೈಪು. ಫಂಗಸ್ಸಿಗೆ ಕ್ಯಾಸ್ಪೊಫಂಗಿನ್ ಇಂಜೆಕ್ಷನ್ ದಿನಕ್ಕೆ ಒಂದು ಸಲ, ಬೆಲೆ ಸಾವಿರಗಟ್ಟಲೆ. ನಾಲ್ಕನೇ ದಿನ ಅಪ್ಪ "ಎಡಗಣ್ಣಿನ ಮುಂದೆ ನೊಣ ಹಾರಿದಂಗೆ ಆಗ್ತದೆ" ಅಂದರು. ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸಿ ನೋಡಿದರು. ರೆಟಿನಾದ ಮೇಲೆ ಬಿಳಿ ಚುಕ್ಕೆ ಇತ್ತು. ರಕ್ತದಲ್ಲಿದ್ದದ್ದು ಕಣ್ಣಿಗೂ ಹೋಗಿತ್ತು. ಔಷಧಿ ಬದಲಾಯಿತು, ಎರಡು ವಾರ ಅಂದಿದ್ದದ್ದು ಆರು ವಾರ ಆಯಿತು.

ಅಪ್ಪ ಉಳಿದರು. ದೃಷ್ಟಿಯೂ ಮುಕ್ಕಾಲು ಪಾಲು ಉಳಿಯಿತು. ಸದ್ಯಕ್ಕೆ ಇನ್ನೊಂದು ಕಡೆ ಹೊಸ ಪರ್ಮ್‌ಕ್ಯಾತ್ ಇದೆ. ಮೊನ್ನೆ ಶುಕ್ರವಾರ ಎಡಗೈಗೆ ಫಿಸ್ಟುಲಾ ಮಾಡಿಸಿದೆವು.

ನಾನು ಹೇಳಬೇಕಾದದ್ದು ಇಷ್ಟೇ. ಪೈಪು ಇರುವವರಿಗೆ ಮೆಷಿನ್ ಮೇಲೆ ನಡುಕ ಬಂದರೆ "ಮೊದಲು ಕಲ್ಚರ್‌ಗೆ ರಕ್ತ ತೆಗೀರಿ, ಆಮೇಲೆ ಆಂಟಿಬಯೋಟಿಕ್ ಕೊಡಿ" ಅಂತ ಕೇಳಿ. ಬಾಯಿ ಬಿಟ್ಟು ಕೇಳಿ. ನಾನು ಕೇಳಿದ್ದರೆ ಹತ್ತು ದಿನ ಉಳಿಯುತ್ತಿತ್ತು, ಕಣ್ಣಿನವರೆಗೂ ಹೋಗುತ್ತಿರಲಿಲ್ಲವೇನೋ.

ಚಿಂತಾಮಣಿ ಟೆಕ್ನಿಷಿಯನ್:

ಅಕ್ಕಾ, ಬರೆದದ್ದಕ್ಕೆ ಥ್ಯಾಂಕ್ಸ್. ನಾನು ಹನ್ನೊಂದು ವರ್ಷದಿಂದ ಡಯಾಲಿಸಿಸ್ ಮೆಷಿನ್ ಪಕ್ಕದಲ್ಲೇ ಇದ್ದೇನೆ. ನಡುಕದ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ನಡುಕಕ್ಕೆಲ್ಲ ಪೈಪೇ ಕಾರಣ ಅಲ್ಲ. ಒಂದೇ ಶಿಫ್ಟಿನಲ್ಲಿ ಮೂರು ನಾಲ್ಕು ಜನರಿಗೆ ಬಂದರೆ ನಾವು ಮೊದಲು ನೀರಿನ ಪ್ಲಾಂಟ್ ನೋಡುತ್ತೇವೆ. ಒಬ್ಬರಿಗೆ ಒಂದು ಸಲದ ಡಯಾಲಿಸಿಸ್‌ಗೆ ನಿಮಿಷಕ್ಕೆ 500 ಎಂಎಲ್ ಲೆಕ್ಕದಲ್ಲಿ ನಾಲ್ಕು ಗಂಟೆಗೆ 120 ಲೀಟರ್ ದ್ರಾವಣ ಮೆಷಿನ್ ಒಳಗೆ ಹರಿಯುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರು ಹೇಗಿದೆ ಅಂತ ಎಲ್ಲರಿಗೂ ಗೊತ್ತು, ಫ್ಲೋರೈಡ್ ಬೇರೆ. ಆರ್‌ಓ ಕೆಟ್ಟರೆ, ಪೈಪ್‌ಲೈನ್ ಸ್ವಚ್ಛ ಮಾಡದಿದ್ದರೆ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ದಾಟಿ ನಡುಕ ಬರಬಹುದು. ರಕ್ತ ಹಾಕುತ್ತಿರುವಾಗ ಬಂದರೆ ಅದು ಬೇರೆ ಲೆಕ್ಕ, ತಕ್ಷಣ ರಕ್ತ ನಿಲ್ಲಿಸಬೇಕು. ಆದರೆ ಅಕ್ಕಪಕ್ಕದವರೆಲ್ಲ ಆರಾಮಾಗಿದ್ದು, ಪೈಪಿರುವ ಒಬ್ಬರಿಗೆ ಮಾತ್ರ ಬಂದರೆ, ಅದೂ ಪ್ರತಿ ಸಲ ಹಾಕಿದ ಮೇಲೆ ಬಂದರೆ, ಪೈಪಿನ ಮೇಲೇ ಅನುಮಾನ ಪಡಬೇಕು. ಪೈಪಿನ ಒಳಗೆ ಕೂತಿರುವ ಕ್ರಿಮಿ ಪಂಪ್ ಓಡಿದ ಕೂಡಲೇ ಸೀದಾ ಹೃದಯದ ಕಡೆ ಹೋಗುತ್ತದೆ. ಮನೆಯಲ್ಲಿ ಜ್ವರ ಇಲ್ಲದೆ ಇಲ್ಲಿ ಬರುವುದು ಅದಕ್ಕೇ.

ನಡುಕ ನಿಲ್ಲುವ ಇಂಜೆಕ್ಷನ್ ಕೊಟ್ಟು ಕಳಿಸುವುದು ಎಷ್ಟೋ ಕಡೆ ಅಭ್ಯಾಸ ಆಗಿಬಿಟ್ಟಿದೆ. ಅದು ತಪ್ಪು ಅಂತ ನಾನೇ ಹೇಳುತ್ತೇನೆ. ನಡುಕ ನಿಲ್ಲಿಸಿ, ಬೇಡ ಅನ್ನಲ್ಲ. ಆದರೆ ಕಾರಣ ಹುಡುಕದೆ ಮನೆಗೆ ಕಳಿಸಬಾರದು.

ಬಂಗಾರಪೇಟೆ ಅಕ್ಕ:

ನಮ್ಮ ಯಜಮಾನರಿಗೂ ಕುತ್ತಿಗೆಯಲ್ಲಿ ಪೈಪಿದೆ, ಐದು ವಾರ ಆಯಿತು. ಇದನ್ನು ಓದಿ ಕೈಕಾಲು ಆಡುತ್ತಿಲ್ಲ. ಈ ಫಂಗಸ್ ಎಲ್ಲಿಂದ ಬರುತ್ತದೆ? ನಮ್ಮದು ಹಳೇ ಮನೆ, ಮಳೆಗಾಲದಲ್ಲಿ ಗೋಡೆ ಬೂಷ್ಟು ಹಿಡಿಯುತ್ತದೆ. ಅದರಿಂದ ಬರುತ್ತದಾ? ಮೊಸರು, ದೋಸೆ ಹಿಟ್ಟು ನಿಲ್ಲಿಸಬೇಕಾ? ಕೊರೊನಾ ಎರಡನೇ ಅಲೆಯಲ್ಲಿ ಬಂತಲ್ಲ ಬ್ಲ್ಯಾಕ್ ಫಂಗಸ್ಸು, ಇದೂ ಅದೇನಾ?

ತುಮಕೂರು ಲ್ಯಾಬ್:

ಬಂಗಾರಪೇಟೆ ಮೇಡಂ, ಗಾಬರಿ ಆಗಬೇಡಿ. ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದೊಂದಾಗಿ ಹೇಳುತ್ತೇನೆ.

2021ರಲ್ಲಿ ಜನ ಬ್ಲ್ಯಾಕ್ ಫಂಗಸ್ ಅಂತ ಕರೆದದ್ದು ಮ್ಯೂಕರ್. ಅದು ಗಾಳಿಯಿಂದ ಮೂಗಿಗೆ ಹೋಗಿ, ಅಲ್ಲಿಂದ ಕಣ್ಣು, ಮೆದುಳಿಗೆ ಹಬ್ಬುತ್ತಿತ್ತು. ಅದು ಬೂಷ್ಟಿನ ಜಾತಿ. ಕ್ಯಾಂಡಿಡಾ ಬೂಷ್ಟಲ್ಲ, ಯೀಸ್ಟು. ಬನ್ನು ಉಬ್ಬಿಸುವ ಯೀಸ್ಟಿನ ದೂರದ ನಂಟು. ಅದು ಗೋಡೆಯಿಂದ ಬರುವುದಲ್ಲ. ನಮ್ಮ ಬಾಯಿ, ಕರುಳು, ಚರ್ಮದಲ್ಲಿ ಮೊದಲೇ ಇರುತ್ತದೆ. ಆರೋಗ್ಯವಾಗಿದ್ದಾಗ ಪಕ್ಕದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅದಕ್ಕೆ ಜಾಗ ಕೊಡುವುದಿಲ್ಲ. ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ಬಿದ್ದರೆ ಅವು ಸಾಯುತ್ತವೆ, ಇದು ಹೆಚ್ಚುತ್ತದೆ. ಒಂದು ಜಾತಿ, ಪ್ಯಾರಾಪ್ಸಿಲೋಸಿಸ್ ಅಂತ, ಕೈಗಳ ಮೇಲೇ ವಾಸ. ಪೈಪು ಮುಟ್ಟುವವರು ಕೈ ತೊಳೆಯದಿದ್ದರೆ ನೇರ ಒಳಗೆ. ಮೊಸರು, ದೋಸೆ ಹಿಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಮೊಸರು ಎಷ್ಟು ತಿನ್ನಬೇಕು ಅನ್ನುವುದು ಫಾಸ್ಫರಸ್ಸು, ಪೊಟ್ಯಾಸಿಯಂ ಲೆಕ್ಕ. ಅದನ್ನು ನಿಮ್ಮ ಡಾಕ್ಟರನ್ನು ಕೇಳಿ.

ಈಗ ಕಲ್ಚರ್ ವಿಷಯ. ಇದು ನನ್ನ ಜೀವಮಾನದ ಕೆಲಸ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ದೊಡ್ಡವರಿಗೆ ಒಂದೊಂದು ಬಾಟಲಿಗೆ 8ರಿಂದ 10 ಎಂಎಲ್ ರಕ್ತ ಬೇಕು. ನಮಗೆ ಎಷ್ಟೋ ಸಲ 2 ಎಂಎಲ್ ಬರುತ್ತಿತ್ತು, "ರೋಗಿಗೆ ರಕ್ತ ಕಮ್ಮಿ ಇದೆ" ಅಂತ ಕಾರಣ. ಕಮ್ಮಿ ರಕ್ತ ಕೊಟ್ಟರೆ ಸಿಗುವುದೂ ಕಮ್ಮಿ. ಎರಡು ಜಾಗದಿಂದ ತೆಗೆಯಬೇಕು. ಮುಂದೆ ಫಿಸ್ಟುಲಾ ಮಾಡಬೇಕಾದ ಕೈಯ ನರ ಹಾಳು ಮಾಡಬಾರದು, ಅದಕ್ಕೆ ಅಂಗೈ ಹಿಂಭಾಗದ ನರದಿಂದ ತೆಗೆಯಬಹುದು, ಇಲ್ಲವೇ ಡಯಾಲಿಸಿಸ್ ಓಡುತ್ತಿರುವಾಗ ಮೆಷಿನ್ ಟ್ಯೂಬಿನಿಂದ ತೆಗೆಯಬಹುದು. ಔಷಧಿ ಹಾಕುವ ಮೊದಲೇ ತೆಗೆಯಬೇಕು. ಕ್ಯಾಂಡಿಡಾ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಬೆಳೆಯುತ್ತದೆ, ಗ್ಲಾಬ್ರಾಟಾ ಜಾತಿ ಇನ್ನೂ ನಿಧಾನ. ಆದ್ದರಿಂದ 48 ಗಂಟೆಗೆ "ಏನೂ ಬೆಳೆದಿಲ್ಲ" ಅಂತ ಬರುವುದು ಮಧ್ಯದ ರಿಪೋರ್ಟು ಅಷ್ಟೇ. ಐದನೇ ದಿನದ ಕೊನೆಯ ರಿಪೋರ್ಟ್ ಕೇಳಿ ತಗೊಳ್ಳಿ. ಅದನ್ನು ತರಲು ಯಾರೂ ಬರುವುದೇ ಇಲ್ಲ. ರೋಗಿ ಡಿಸ್ಚಾರ್ಜ್ ಆಗಿರುತ್ತಾರೆ, ರಿಪೋರ್ಟ್ ಡ್ರಾಯರ್‌ನಲ್ಲಿ ಇರುತ್ತದೆ. ಇದು ನನ್ನನ್ನು ಎಷ್ಟೋ ರಾತ್ರಿ ನಿದ್ದೆ ಮಾಡಲು ಬಿಟ್ಟಿಲ್ಲ.

ಇನ್ನೊಂದು. ರಕ್ತದ ಕಲ್ಚರ್‌ನಲ್ಲಿ ಕ್ಯಾಂಡಿಡಾ ಒಂದೇ ಬಾಟಲಿಯಲ್ಲಿ ಬಂದರೂ "ಅದು ಚರ್ಮದಿಂದ ಸೇರಿರಬೇಕು ಬಿಡಿ" ಅನ್ನುವ ಹಾಗಿಲ್ಲ. ಕೆಲವು ಬ್ಯಾಕ್ಟೀರಿಯಾಕ್ಕೆ ಹಾಗೆ ಅನ್ನಬಹುದು. ಕ್ಯಾಂಡಿಡಾಕ್ಕೆ ಇಲ್ಲ, ಸಿಕ್ಕಿದರೆ ಚಿಕಿತ್ಸೆ ಮಾಡಲೇಬೇಕು. ಹಾಗೇ ಕಲ್ಚರ್ ಖಾಲಿ ಬಂದರೆ ಫಂಗಸ್ ಇಲ್ಲವೇ ಇಲ್ಲ ಅಂತಲೂ ಅಲ್ಲ. ದೇಹದ ಒಳಗೆ ಕ್ಯಾಂಡಿಡಾ ಇದ್ದರೂ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಕಲ್ಚರ್‌ನಲ್ಲಿ ಸಿಗುತ್ತದೆ.

ಪಾವಗಡ ಹುಡುಗ:

ಸರ್, ಬೀಟಾ ಡಿ ಗ್ಲುಕಾನ್ ಅಂತ ಒಂದು ರಕ್ತ ಪರೀಕ್ಷೆ ಇದೆಯಂತಲ್ಲ, ಕಲ್ಚರ್‌ಗೆ ಕಾಯದೆ ಫಂಗಸ್ ಗೊತ್ತಾಗುತ್ತದೆ ಅಂತ. ನಮ್ಮ ದೊಡ್ಡಪ್ಪನಿಗೆ ಅದನ್ನು ಬರೆದಿದ್ದರು, ದುಬಾರಿ.

ತುಮಕೂರು ಲ್ಯಾಬ್:

ಇದೆ. ಫಂಗಸ್ಸಿನ ಗೋಡೆಯಲ್ಲಿರುವ ಒಂದು ಸಕ್ಕರೆಯಂಥ ವಸ್ತುವನ್ನು ಹುಡುಕುತ್ತದೆ. ಆದರೆ ಡಯಾಲಿಸಿಸ್‌ನವರಲ್ಲಿ ಜಾಗ್ರತೆ ಬೇಕು. ಸೆಲ್ಯುಲೋಸಿನಿಂದ ಮಾಡಿದ ಡಯಾಲೈಸರ್ (ಮೆಷಿನ್‌ನಲ್ಲಿ ರಕ್ತ ಶೋಧಿಸುವ ಫಿಲ್ಟರ್) ಬಳಸಿದರೆ ಅದರಿಂದಲೇ ಗ್ಲುಕಾನ್ ರಕ್ತಕ್ಕೆ ಬಂದು ಸುಳ್ಳು ಪಾಸಿಟಿವ್ ಆಗಬಹುದು. ಈಗಿನ ಡಯಾಲೈಸರ್‌ಗಳು ಹೆಚ್ಚಾಗಿ ಬೇರೆ ವಸ್ತುವಿನವು, ಆದರೂ ರಿಪೋರ್ಟ್ ನೋಡುವ ಡಾಕ್ಟರಿಗೆ ಯಾವ ಡಯಾಲೈಸರ್ ಅಂತ ಹೇಳಿ. ಅದು ನೆಗೆಟಿವ್ ಬಂದರೆ ಸ್ವಲ್ಪ ಧೈರ್ಯ ಬರುತ್ತದೆ. ಪಾಸಿಟಿವ್ ಬಂದರೆ ಅದೊಂದನ್ನೇ ನಂಬಿ ತೀರ್ಮಾನ ಮಾಡುವಂತಿಲ್ಲ.

ಶಿರಾ:

ನಮ್ಮ ಅಮ್ಮ ಹೋದ ವರ್ಷ ತೀರಿಕೊಂಡರು. ಕುತ್ತಿಗೆ ಪೈಪಿತ್ತು. "ರಕ್ತಕ್ಕೆ ನಂಜಾಗಿದೆ" ಅಂದರು ಅಷ್ಟೇ. ಯಾವ ನಂಜು ಅಂತ ನಾವು ಕೇಳಲಿಲ್ಲ. ಮಣ್ಣು ಮಾಡಿ ಬಂದು ಆರು ದಿನ ಆದ ಮೇಲೆ ಅಣ್ಣ ಬಿಲ್ಲಿನ ಕಾಗದ ತರಲು ಹೋದಾಗ ಅದರ ಜೊತೆ ಒಂದು ರಿಪೋರ್ಟ್ ಕೊಟ್ಟರು. ಕ್ಯಾಂಡಿಡಾ ಅಂತ ಇತ್ತು. ಆವತ್ತು ಅದು ಏನು ಅಂತಲೇ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಓದಿ ಗೊತ್ತಾಯಿತು.

ಶ್ರೀನಿವಾಸಪುರದ ಮಗಳು:

ಶಿರಾದವರೇ, ಏನು ಹೇಳಬೇಕು ತಿಳಿಯುತ್ತಿಲ್ಲ. ನಿಮ್ಮ ತಪ್ಪು ಏನೂ ಇಲ್ಲ. ಕೇಳಬೇಕು ಅಂತ ನಮಗೆ ಯಾರೂ ಹೇಳಿರುವುದಿಲ್ಲ. ನೀವು ಬರೆದದ್ದು ಇಲ್ಲಿ ಇನ್ನೊಬ್ಬರಿಗೆ ಉಪಯೋಗ ಆಗುತ್ತದೆ.

ನೆಫ್ರಾಲಜಿ ಓದುತ್ತಿರುವವನು:

ಕೋಲಾರದ ಕಡೆಯವನೇ, ಈಗ ಬೆಂಗಳೂರಿನಲ್ಲಿ ನೆಫ್ರಾಲಜಿ, ಅಂದರೆ ಕಿಡ್ನಿ ಕಾಯಿಲೆಗಳ ವೈದ್ಯಕೀಯ, ಓದುತ್ತಿದ್ದೇನೆ. ಇಲ್ಲಿ ಬರೆಯುವುದು ನಿಮ್ಮ ಡಾಕ್ಟರ ಮಾತಿಗೆ ಬದಲಿ ಅಲ್ಲ, ಅವರನ್ನು ಏನು ಕೇಳಬೇಕು ಅಂತ ತಿಳಿಯಲಿ ಅಂತ ಅಷ್ಟೇ.

ಶಿರಾದವರ ನೋವು ಸಣ್ಣದಲ್ಲ. ರಕ್ತದಲ್ಲಿ ಕ್ಯಾಂಡಿಡಾ ಬಂದವರಲ್ಲಿ ನಾಲ್ಕರಲ್ಲಿ ಒಬ್ಬರಿಂದ ಹಿಡಿದು ಹತ್ತರಲ್ಲಿ ನಾಲ್ಕು ಜನರವರೆಗೂ ತೀರಿಕೊಳ್ಳುತ್ತಾರೆ, ಒಳ್ಳೆಯ ಆಸ್ಪತ್ರೆಗಳಲ್ಲೂ. ಔಷಧಿ ತಡವಾದಷ್ಟೂ ಕಷ್ಟ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಸಲ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿತು, ಒಟ್ಟು 19. ಎಲ್ಲಕ್ಕಿಂತ ಮೇಲಿನ ಗುಂಪಿನಲ್ಲಿರುವ ನಾಲ್ಕರಲ್ಲಿ ಎರಡು ಕ್ಯಾಂಡಿಡಾ ಜಾತಿಯವು, ಆಲ್ಬಿಕಾನ್ಸ್ ಮತ್ತು ಆರಿಸ್. ಆರಿಸ್ ಅಂದರೆ ಲ್ಯಾಟಿನ್‌ನಲ್ಲಿ ಕಿವಿ. 2009ರಲ್ಲಿ ಜಪಾನಿನಲ್ಲಿ ಒಬ್ಬರ ಕಿವಿಯ ಸ್ರಾವದಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ನಮ್ಮ ದೇಶದಲ್ಲೂ ಈಗ ಐಸಿಯುಗಳಲ್ಲಿ ಇದೆ. ಫ್ಲುಕೊನಜೋಲ್ ಅನ್ನುವ ಫಂಗಸ್ ಔಷಧಿಗೆ ಹೆಚ್ಚಾಗಿ ಬಗ್ಗುವುದಿಲ್ಲ, ಹಾಸಿಗೆ, ಸ್ಟ್ಯಾಂಡಿನ ಮೇಲೆ ವಾರಗಟ್ಟಲೆ ಬದುಕುತ್ತದೆ. ಅದಕ್ಕೇ "ಕ್ಯಾಂಡಿಡಾ ಬಂದಿದೆ" ಅಂದರೆ ಸಾಲದು, ಯಾವ ಜಾತಿ ಅಂತ ಕೇಳಿ. ಕ್ರುಸೈ ಜಾತಿಗೂ ಫ್ಲುಕೊನಜೋಲ್ ಕೆಲಸ ಮಾಡುವುದಿಲ್ಲ. ಹೆಸರು ಗೊತ್ತಾದರೆ ಔಷಧಿ ಸರಿಯಾಗುತ್ತದೆ.

ಡಯಾಲಿಸಿಸ್‌ನವರಿಗೇ ಯಾಕೆ ಅಂದರೆ, ಕಿಡ್ನಿ ಕೆಟ್ಟಾಗ ಬಿಳಿ ರಕ್ತಕಣಗಳ ಶಕ್ತಿಯೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಜೊತೆಗಿದ್ದರೆ ಇನ್ನೂ ಕುಗ್ಗುತ್ತದೆ. ಮೇಲೆ ಪದೇ ಪದೇ ಆಂಟಿಬಯೋಟಿಕ್. ಇದೆಲ್ಲದರ ಮೇಲೆ ಹೊರಗಿನಿಂದ ಹೃದಯದ ಬಾಗಿಲಿಗೆ ಒಂದು ಪ್ಲಾಸ್ಟಿಕ್ ದಾರಿ. ವಾರಕ್ಕೆ ಮೂರು ಸಲ ಅದನ್ನು ಬಿಚ್ಚಿ ಹಾಕುತ್ತೇವೆ.

ಮೊದಲು ಕೊಡುವುದು ಎಕೈನೊಕ್ಯಾಂಡಿನ್ ಗುಂಪಿನ ಔಷಧಿ: ಕ್ಯಾಸ್ಪೊಫಂಗಿನ್, ಮೈಕಾಫಂಗಿನ್, ಅನಿಡುಲಾಫಂಗಿನ್. ಇವು ಡಯಾಲಿಸಿಸ್‌ನಲ್ಲಿ ಸೋರಿ ಹೋಗುವುದಿಲ್ಲ, ಕಿಡ್ನಿಗೆ ಅಂತ ಡೋಸ್ ಬದಲಿಸಬೇಕಿಲ್ಲ. ಆದರೆ ಕಣ್ಣಿನ ಒಳಗೆ ಸರಿಯಾಗಿ ತಲುಪುವುದಿಲ್ಲ. ಮಗಳು ಹೇಳಿದ ಔಷಧಿ ಬದಲಾವಣೆ ಅದಕ್ಕೇ ಇರಬೇಕು. ಕಣ್ಣಿಗೆ ಫ್ಲುಕೊನಜೋಲ್ ಅಥವಾ ವೊರಿಕೊನಜೋಲ್ ಬೇಕಾಗುತ್ತದೆ, ನಾಲ್ಕರಿಂದ ಆರು ವಾರ. ಕಣ್ಣಿನ ತೊಂದರೆ ಇಲ್ಲದಿದ್ದರೂ ಕ್ಯಾಂಡಿಡಾ ಬಂದವರೆಲ್ಲರಿಗೂ ಒಂದು ಸಲ ಕಣ್ಣು ನೋಡಿಸುವುದು ಒಳ್ಳೆಯದು. ಜ್ವರ ಇಳಿಯದಿದ್ದರೆ, ಕಲ್ಚರ್ ಪಾಸಿಟಿವ್ ಬರುತ್ತಲೇ ಇದ್ದರೆ ಹೃದಯದ ಎಕೋ ಸ್ಕ್ಯಾನ್ ಮಾಡುತ್ತಾರೆ, ಫಂಗಸ್ ಹೃದಯದ ಕವಾಟಕ್ಕೆ ಕೂತಿದೆಯಾ ಅಂತ ನೋಡಲು.

ಎರಡು ವಾರ ಅನ್ನುವ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಅದು ಔಷಧಿ ಶುರುವಾದ ದಿನದಿಂದ ಅಲ್ಲ. ರಕ್ತದ ಕಲ್ಚರ್ ಮೊದಲ ಸಲ ನೆಗೆಟಿವ್ ಬಂದ ದಿನದಿಂದ 14 ದಿನ. ಹಾಗಾಗಿ ಪಾಸಿಟಿವ್ ಬಂದ ಮೇಲೆ ದಿನ ಬಿಟ್ಟು ದಿನವಾದರೂ ಮತ್ತೆ ಮತ್ತೆ ಕಲ್ಚರ್ ತೆಗೆಯಬೇಕು. "ಜ್ವರ ಬಿಟ್ಟಿತಲ್ಲ, ಮನೆಗೆ ಹೋಗೋಣ" ಅಂತ ಏಳನೇ ದಿನ ಎದ್ದು ಹೋದವರು ವಾಪಸ್ ಬಂದಿದ್ದನ್ನು ನೋಡಿದ್ದೇನೆ.

ಶ್ರೀನಿವಾಸಪುರದ ಮಗಳು:

ಹೌದು ಸರ್, ಮೊದಲು ವೊರಿಕೊನಜೋಲ್, ಆಮೇಲೆ ಫ್ಲುಕೊನಜೋಲ್ ಮಾತ್ರೆ. ಮಾತ್ರೆಯನ್ನು ಡಯಾಲಿಸಿಸ್ ದಿನ ಮುಗಿಸಿಕೊಂಡು ಬಂದ ಮೇಲೆ ಕೊಡಿ ಅಂದಿದ್ದರು. ನಾನು ಒಂದು ದಿನ ಮರೆತು ಬೆಳಿಗ್ಗೆಯೇ ಕೊಟ್ಟುಬಿಟ್ಟಿದ್ದೆ. ಏನಾದರೂ ತೊಂದರೆ ಆಗಿರುತ್ತದಾ?

ನೆಫ್ರಾಲಜಿ ಓದುತ್ತಿರುವವನು:

ಒಂದು ದಿನಕ್ಕೆ ಏನೂ ಆಗುವುದಿಲ್ಲ ಅಕ್ಕ. ಫ್ಲುಕೊನಜೋಲ್ ಮೂರು ಗಂಟೆಯ ಡಯಾಲಿಸಿಸ್‌ನಲ್ಲಿ ಸುಮಾರು ಅರ್ಧ ಹೊರಗೆ ಹೋಗುತ್ತದೆ, ಅದಕ್ಕೇ ಆಮೇಲೆ ಕೊಡುವುದು. ದಿನವೂ ಬೆಳಿಗ್ಗೆಯೇ ಕೊಟ್ಟಿದ್ದರೆ ಅರ್ಧ ಔಷಧಿ ಚರಂಡಿಗೆ ಹೋದ ಹಾಗೆ. ಇನ್ನೊಂದು ನೆನಪಿಡಿ, ಫ್ಲುಕೊನಜೋಲ್ ಜೊತೆ ಕೆಲವು ಸಕ್ಕರೆ ಮಾತ್ರೆಗಳ ಶಕ್ತಿ ಏರಿ ಸಕ್ಕರೆ ಕುಸಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ಳುವವರಿಗೆ ರಕ್ತಸ್ರಾವ ಆಗಬಹುದು. ಮಾತ್ರೆ ಬರೆಯುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಚೀಟಿ ತೋರಿಸಿ.

ಮಾಲೂರು ಗೌಡ:

ಒಂದು ಅನುಮಾನ. ಪೈಪು ತೆಗೆಯುವುದೇ ಬೇಕಾ? ನಮ್ಮ ಬಾಮೈದನಿಗೆ ಪೈಪು ಹಾಕಲು ನರ ಸಿಗದೆ ಎರಡು ಗಂಟೆ ಒದ್ದಾಡಿದ್ದಾರೆ. ಒಳ್ಳೆ ಔಷಧಿ ಕೊಟ್ಟು ಪೈಪು ಉಳಿಸಿಕೊಳ್ಳಲು ಆಗಲ್ವಾ? ಬ್ಯಾಕ್ಟೀರಿಯಾ ಬಂದಾಗ ಪೈಪಿನೊಳಗೆ ಔಷಧಿ ತುಂಬಿಸಿ ಉಳಿಸಿದ್ದರು.

ಶ್ರೀನಿವಾಸಪುರದ ಮಗಳು:

ಗೌಡ್ರೇ, ಇದನ್ನೇ ನಮ್ಮ ಅಪ್ಪನೂ ಕೇಳಿದರು. ಅಪ್ಪನಿಗೆ ಅರ್ಥ ಆಗಿದ್ದು ಹೇಗೆ ಅಂತ ಹೇಳುತ್ತೇನೆ. ನಮ್ಮ ತೋಟದಲ್ಲಿ ಡ್ರಿಪ್ ಪೈಪು (ಲ್ಯಾಟರಲ್) ಎರಡು ಮೂರು ಬೆಳೆ ಆದ ಮೇಲೆ ಒಳಗೆ ಲೋಳೆ ಕಟ್ಟುತ್ತದೆ. ಬರೀ ನೀರು ಜೋರಾಗಿ ಬಿಟ್ಟರೆ ಹೋಗುವುದಿಲ್ಲ. ಮೇಲಿನದು ಹೋದ ಹಾಗೆ ಕಾಣುತ್ತದೆ, ವಾರಕ್ಕೆ ಮತ್ತೆ ತೂತು ಕಟ್ಟುತ್ತದೆ. ಡಾಕ್ಟರು ಹೇಳಿದ್ದೂ ಅದೇ, ಕ್ಯಾಂಡಿಡಾ ಪ್ಲಾಸ್ಟಿಕ್ ಒಳಗೆ ಲೋಳೆ ಪದರ ಕಟ್ಟಿಕೊಂಡು ಅದರೊಳಗೆ ಕೂತಿರುತ್ತದೆ, ಔಷಧಿ ಒಳಗೆ ಇಳಿಯುವುದಿಲ್ಲ ಅಂತ. ಅಪ್ಪ ಮಂಚದ ಮೇಲೆ ಎದ್ದು ಕೂತು "ಹಂಗಾದ್ರೆ ಲ್ಯಾಟರಲ್ಲೇ ಕಿತ್ತು ಹಾಕ್ಬೇಕು, ತೆಗೀರಿ" ಅಂದರು. ಅಲ್ಲಿಯವರೆಗೂ ಒಪ್ಪಿರಲಿಲ್ಲ.

ನೆಫ್ರಾಲಜಿ ಓದುತ್ತಿರುವವನು:

ಅಪ್ಪ ಹೇಳಿದ್ದು ಸರಿ. ಕೆಲವು ಬ್ಯಾಕ್ಟೀರಿಯಾಕ್ಕೆ ಪೈಪು ಉಳಿಸುವ ಪ್ರಯತ್ನ ಮಾಡಬಹುದು. ಫಂಗಸ್‌ಗೆ ಮಾಡಬಾರದು. ನರ ಸಿಗುವುದು ಕಷ್ಟ ಅನ್ನುವುದು ನಿಜವಾದ ಕಷ್ಟವೇ, ಅದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೂ ತೆಗೆಯಬೇಕು.

ಗೌರಿಬಿದನೂರು, ಹೊಟ್ಟೆ ಡಯಾಲಿಸಿಸ್:

ಮನೆಯಲ್ಲೇ ಹೊಟ್ಟೆ ಡಯಾಲಿಸಿಸ್ (ಟ್ಯೂಬಿನಿಂದ ಹೊಟ್ಟೆಯೊಳಗೆ ದ್ರಾವಣ ತುಂಬಿಸಿ ತೆಗೆಯುವುದು) ಮಾಡಿಕೊಳ್ಳುವವರೂ ಕೇಳಿಸಿಕೊಳ್ಳಿ. ನಮಗೂ ಇದು ಬಿಟ್ಟಿಲ್ಲ. ನನಗೆ ರಕ್ತಕ್ಕೆ ಹೋಗಲಿಲ್ಲ, ಹೊಟ್ಟೆಯಲ್ಲೇ ಆಯಿತು. ಹೊರಗೆ ಬರುವ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಯಿತು, ಹೊಟ್ಟೆ ನೋವು. ಅದಕ್ಕೆ ಮೂರು ವಾರ ಮೊದಲು ಹಲ್ಲಿಗೆ ಅಂತ ಆಂಟಿಬಯೋಟಿಕ್ ನುಂಗಿದ್ದೆ. ಫಂಗಸ್ ಅಂತ ಗೊತ್ತಾದ ಕೂಡಲೇ ಟ್ಯೂಬ್ ತೆಗೆದು ಮೆಷಿನ್ ಡಯಾಲಿಸಿಸ್‌ಗೆ ಹಾಕಿದರು. ಈಗ ಯಾವ ಆಂಟಿಬಯೋಟಿಕ್ ಬರೆದರೂ ನನ್ನ ನೆಫ್ರಾಲಜಿಸ್ಟ್‌ಗೆ ಫೋನ್ ಮಾಡಿ ಕೇಳಿಯೇ ತಗೊಳ್ಳುತ್ತೇನೆ. ಜೊತೆಗೆ ಫಂಗಸ್ ತಡೆಯುವ ಮಾತ್ರೆ ಬೇಕಾ ಅಂತಲೂ ಕೇಳುತ್ತೇನೆ.

ಬಂಗಾರಪೇಟೆ ಅಕ್ಕ:

ತಮ್ಮಾ ಚಿಂತಾಮಣಿ, ಪೈಪು ಇರುವಷ್ಟು ದಿನ ಮನೆಯಲ್ಲಿ ನಾನು ಏನು ಮಾಡಬೇಕು ಅದನ್ನು ಹೇಳಪ್ಪ.

ಚಿಂತಾಮಣಿ ಟೆಕ್ನಿಷಿಯನ್:

ಅಕ್ಕಾ, ಪೈಪು ಒದ್ದೆ ಆಗಬಾರದು. ತಲೆಗೆ ನೀರು ಹಾಕುವ ಸ್ನಾನ ಬೇಡ, ಸೊಂಟದ ಕೆಳಗೆ ಸ್ನಾನ ಮಾಡಿಸಿ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪಟ್ಟಿ ಬಿಚ್ಚಿಕೊಂಡರೆ, ಬೆವರಿಗೆ ಒದ್ದೆಯಾದರೆ ಮರುದಿನದವರೆಗೆ ಕಾಯಬೇಡಿ, ಸೆಂಟರ್‌ಗೆ ಬನ್ನಿ. ಅರಿಶಿನ, ಪೌಡರ್, ವಿಭೂತಿ ಏನನ್ನೂ ಹಚ್ಚಬೇಡಿ. ಮುಖ್ಯವಾಗಿ, ಈ ಪೈಪು ಡಯಾಲಿಸಿಸ್‌ಗೆ ಮಾತ್ರ. ಬೇರೆ ಕ್ಲಿನಿಕ್‌ಗೆ ಹೋದಾಗ "ಹೇಗೂ ಪೈಪಿದೆಯಲ್ಲ" ಅಂತ ಅದರಲ್ಲಿ ಗ್ಲೂಕೋಸ್ ಹಾಕಲು, ರಕ್ತ ತೆಗೆಯಲು ಬಿಡಬೇಡಿ.

ಸೆಂಟರ್‌ನಲ್ಲಿ ನಮ್ಮನ್ನು ಗಮನಿಸಿ. ಬಿಚ್ಚುವಾಗ ನಮಗೂ ರೋಗಿಗೂ ಮಾಸ್ಕ್ ಇರಬೇಕು, ಫ್ಯಾನ್ ಆಫ್ ಆಗಿರಬೇಕು, ಕೈ ತೊಳೆದು ಹೊಸ ಗ್ಲೌಸ್ ಹಾಕಬೇಕು, ಪೈಪಿನ ಬಾಯಿಯನ್ನು ಔಷಧಿಯಲ್ಲಿ ಕನಿಷ್ಠ 15 ಸೆಕೆಂಡ್ ಉಜ್ಜಿ ಒಣಗಲು ಬಿಡಬೇಕು, ಹಳೇ ಮುಚ್ಚಳ ಮತ್ತೆ ಹಾಕಬಾರದು. ಶಿಫ್ಟ್ ಬದಲಾಗುವ ಹೊತ್ತಿಗೆ ಹೊರಗೆ ಜನ ಕಾಯುತ್ತಿರುತ್ತಾರೆ, ಕೈಗೆ ಅವಸರ ಬರುತ್ತದೆ, ಅದು ನನಗೂ ಗೊತ್ತು. ಅದಕ್ಕೇ ಹೇಳುತ್ತಿರುವುದು, ನೀವು "ಗ್ಲೌಸ್ ಬದಲಾಯಿಸಿದ್ರಾ ಸರ್" ಅಂತ ಕೇಳಿದರೆ ನಮಗೆ ಬೇಜಾರಿಲ್ಲ. ಬೇಜಾರಾದರೆ ಆಗಲಿ ಬಿಡಿ, ಕೇಳಿ.

ಎಂಟು ವರ್ಷದ ಫಿಸ್ಟುಲಾ:

ಎಲ್ಲ ಓದಿದೆ. ಪೈಪನ್ನು ಹೇಗೆ ಕಾಪಾಡಿಕೊಳ್ಳಬೇಕು ಅಂತ ಎಷ್ಟು ಹೇಳಿದರೂ, ಪೈಪೇ ಇಲ್ಲದ ಹಾಗೆ ಮಾಡಿಕೊಳ್ಳುವುದು ದೊಡ್ಡದು. ನಾನು ಚಿಕ್ಕಬಳ್ಳಾಪುರದವನು, ಎಂಟು ವರ್ಷದಿಂದ ಒಂದೇ ಫಿಸ್ಟುಲಾ. ಈ ಎಂಟು ವರ್ಷದಲ್ಲಿ ರಕ್ತದ ಸೋಂಕು ಒಂದೂ ಆಗಿಲ್ಲ. ಕೈ ಕೆಲಸಕ್ಕೆ ಬರಲ್ಲ ಅಂತ ಹೆದರುವವರಿಗೆ ಹೇಳುತ್ತೇನೆ, ಎಡಗೈಯಲ್ಲಿ ಭಾರ ಎತ್ತುವುದಿಲ್ಲ ಅಷ್ಟೇ, ಉಳಿದ ಕೆಲಸವೆಲ್ಲ ಮಾಡುತ್ತೇನೆ. ರೇಷ್ಮೆ ಹುಳಕ್ಕೆ ಸೊಪ್ಪು ಕೂಡ ಹಾಕುತ್ತೇನೆ.

ನಿಮ್ಮದೇ ರಕ್ತನಾಳ ಎರಡನ್ನು ಜೋಡಿಸುವುದು ಅದು, ಹೊರಗಿನ ಪ್ಲಾಸ್ಟಿಕ್ ಏನೂ ಇಲ್ಲ. 1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ, ಸಿಮಿನೊ ಮತ್ತು ಅವರ ಜೊತೆಗಾರರು ಇದನ್ನು ಪ್ರಕಟಿಸಿದ್ದು. ಇಷ್ಟು ವರ್ಷ ಆದರೂ ಇದಕ್ಕಿಂತ ಒಳ್ಳೆಯದು ಬಂದಿಲ್ಲ. ಆದರೆ ಇದು ಬಲಿಯಲು ಆರು ಎಂಟು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಕೆಲವರಿಗೆ ಮೊದಲ ಸಲ ಕೂಡುವುದೂ ಇಲ್ಲ. ಆದ್ದರಿಂದ ಡಯಾಲಿಸಿಸ್ ಶುರುವಾಗುವ ಮೊದಲೇ, ಡಾಕ್ಟರು "ಇನ್ನು ಆರು ತಿಂಗಳಲ್ಲಿ ಬೇಕಾಗಬಹುದು" ಅಂದಾಗಲೇ ಮಾಡಿಸಿ. ಆವತ್ತಿನಿಂದ ಫಿಸ್ಟುಲಾದ ಕೈಗೆ ಬೇರೆ ಸೂಜಿ, ಡ್ರಿಪ್, ಬಿಪಿ ಪಟ್ಟಿ ಯಾವುದಕ್ಕೂ ಬಿಡಬೇಡಿ. ಪ್ರತಿ ದಿನ ಬೆಳಿಗ್ಗೆ ಎದ್ದ ತಕ್ಷಣ ಕೈ ಇಟ್ಟು ನೋಡಿ, ಒಳಗೆ ಝುಮ್ ಅಂತ ಓಡುತ್ತಿರಬೇಕು. ನಿಂತರೆ ಅದೇ ದಿನ ಓಡಿ. ಆಯುಷ್ಮಾನ್ ಕಾರ್ಡ್ ಇದ್ದರೆ ಹಿಡಿದುಕೊಂಡು ಹೋಗಿ ಕೇಳಿ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ಕೋಲಾರದಿಂದ ಬೆಳಗಿನ ಬಸ್ಸು ಹಿಡಿದರೆ ಒಂದು ದಿನದಲ್ಲಿ ವಿಚಾರಿಸಿಕೊಂಡು ಬರಬಹುದು.

ಬಂಗಾರಪೇಟೆ ಅಕ್ಕ:

ನಾಳೆ ಡಯಾಲಿಸಿಸ್ ಇದೆ. ಇವತ್ತೇ ಯಜಮಾನರಿಗೆ ಇದನ್ನೆಲ್ಲ ಓದಿ ಹೇಳಿದೆ. ನಾಳೆ ಡಾಕ್ಟರ ಹತ್ತಿರ ಫಿಸ್ಟುಲಾ ತಾರೀಖು ಕೇಳುತ್ತೇವೆ.

(ಏಳು ವಾರದ ನಂತರ)

ಶ್ರೀನಿವಾಸಪುರದ ಮಗಳು:

ಅಪ್ಪನ ಫಿಸ್ಟುಲಾ ಚೆನ್ನಾಗಿ ಬಲಿತಿದೆ ಅಂತ ಹೇಳಿದರು. ಸ್ಕ್ಯಾನ್ ಕೂಡ ಮಾಡಿದರು. ಕೈ ವ್ಯಾಯಾಮಕ್ಕೆ ಹಿಚುಕಲು ಚೆಂಡು ಕೊಟ್ಟರೆ ಬೇಡ ಅಂದು, ಎಳೇ ಮಾವಿನಕಾಯಿ ಇಟ್ಟುಕೊಂಡು ಹಿಚುಕುತ್ತಾ ಕೂತಿರುತ್ತಿದ್ದರು. ಸೋಮವಾರ ಮೊದಲ ಸೂಜಿ. ಬಂಗಾರಪೇಟೆ ಅಕ್ಕ, ನಿಮ್ಮವರದ್ದು ಏನಾಯಿತು?

ಚಿಂತಾಮಣಿ ಅಣ್ಣ, ಒಂದು ಕೇಳಬೇಕಿತ್ತು. ಸೂಜಿ ಶುರುವಾದ ಮೇಲೆ ಎದೆಯ ಪೈಪು ಯಾವಾಗ ತೆಗೆಯುತ್ತಾರೆ? "ಇರಲಿ ಬಿಡಿ, ಕಷ್ಟಕ್ಕೆ ಆಗುತ್ತದೆ" ಅಂತ ಒಬ್ಬರು ಹೇಳಿದರು.

ಬಂಗಾರಪೇಟೆ ಅಕ್ಕ:

ನಮ್ಮವರಿಗೆ ಮಾಡಿ ಮೂರು ವಾರ ಆಯಿತಮ್ಮ. ಝುಮ್ ಅಂತಿದೆ. ರಾತ್ರಿ ನಾನೂ ಕಿವಿ ಇಟ್ಟು ಕೇಳುತ್ತೇನೆ.

ಚಿಂತಾಮಣಿ ಟೆಕ್ನಿಷಿಯನ್:

ಕಷ್ಟಕ್ಕೆ ಅಂತ ಇಡಬೇಡಿ ಅಕ್ಕಾ. ಮೊದಲು ಒಂದು ಸೂಜಿ ಫಿಸ್ಟುಲಾಕ್ಕೆ, ಇನ್ನೊಂದು ದಾರಿ ಪೈಪಿನಿಂದ, ಹಾಗೆ ಶುರು ಮಾಡಬಹುದು. ಆಮೇಲೆ ಎರಡೂ ಸೂಜಿ ಫಿಸ್ಟುಲಾದಲ್ಲೇ ಹಾಕಿ ಮೂರ್ನಾಲ್ಕು ಸಲ ಸರಿಯಾಗಿ ಓಡಿದರೆ ಪೈಪಿನ ಕೆಲಸ ಮುಗಿಯಿತು. ಡಾಕ್ಟರನ್ನು ಸೋಮವಾರವೇ ಕೇಳಿ, ತೆಗೆಯುವ ತಾರೀಖನ್ನು ಫೈಲಿನ ಮೇಲೆ ಬರೆಸಿಕೊಂಡು ಬನ್ನಿ.